‘ಬೇಡ’ ಬಟನ್ ತೆಗೆದವನು

ವಾರೆನ್ ಹಾಸ್ಕಿನ್ ಕೆಟ್ಟ ಮನುಷ್ಯನಲ್ಲ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಒಬ್ಬನ ಬಗ್ಗೆ ಒಳ್ಳೆಯದು ಹೇಳಲು ಏನೂ ತೋಚದಿದ್ದಾಗ ಜನ ಹೇಳುವ ಮಾತದು. ಅವನು ಕುಡಿಯುತ್ತಿರಲಿಲ್ಲ. ದನಿ ಎತ್ತುತ್ತಿರಲಿಲ್ಲ. ಯಾರ ಹುಟ್ಟುಹಬ್ಬವನ್ನೂ ಮರೆಯುತ್ತಿರಲಿಲ್ಲ, ಏಕೆಂದರೆ ನೆನಪಿಸುವ ಕೆಲಸಕ್ಕೆ ಒಬ್ಬಳನ್ನು ಇಟ್ಟುಕೊಂಡಿದ್ದ. ಮಧ್ಯಾಹ್ನ ಗಾಜಿನ ಡಬ್ಬಿಯಲ್ಲಿ ತಂದ ಹಸಿ ಸೊಪ್ಪನ್ನು, ತಾನು ಹಸಿ ಸೊಪ್ಪು ತಿನ್ನುವವನು ಎಂದು ದೂರದ ಮೇಜಿನವರಿಗೂ ಗೊತ್ತಾಗುವಂತೆ ಕರಕರ ಅಗಿಯುತ್ತಿದ್ದ. ಇಂಥವನನ್ನು ಕೀಳಾಗಿ ಕಾಣಲು ಕಾರಣ ಹುಡುಕಿಕೊಂಡು ಹೋಗಬೇಕಾಗುತ್ತದೆ. ನಾನು ಹೋಗಲಿಲ್ಲ. ಅವನ ಪಕ್ಕದ ಕೋಣೆಯಲ್ಲಿ ಕೂತಿದ್ದೆ, ಕಾರಣಗಳು ತಾವಾಗಿಯೇ ಬಂದವು.

ನಮ್ಮ ಆಫೀಸು ಸಿಯಾಟಲ್‌ನಿಂದ ಸರೋವರದ ಉತ್ತರದ ತುದಿ ಬಳಸಿ ಹೋದರೆ ಸಿಗುವ ಬಾತೆಲ್‌ನಲ್ಲಿತ್ತು. ದೊಡ್ಡ ಕಂಪನಿಯಲ್ಲ. ದೊಡ್ಡವು ನಮ್ಮ ಸುತ್ತಲೂ ಇದ್ದವು, ನಾವು ಅವುಗಳ ನೆರಳಿನಲ್ಲಿ ಬದುಕಿಕೊಂಡಿದ್ದೆವು. ಗೋದಾಮಿನಂಥ ಅಂಗಡಿಗಳಲ್ಲಿ ಟಯರು, ಡಯಪರುಗಳ ಪಕ್ಕದಲ್ಲಿ ಪೇರಿಸಿಟ್ಟು ಮಾರುವ ಅಗ್ಗದ ಕಂಪ್ಯೂಟರುಗಳಿರುತ್ತವಲ್ಲ, ಅವುಗಳಲ್ಲಿ ಮೊದಲೇ ತುಂಬಿ ಕಳಿಸುವ ತಂತ್ರಾಂಶ ನಮ್ಮದು. ಕೊಂಡವರಿಗೆ ಅದು ಇದೆ ಎಂದೇ ಗೊತ್ತಿರುತ್ತಿರಲಿಲ್ಲ. ಗೊತ್ತಾಗುತ್ತಿದ್ದದ್ದು ಅದು ಕಾಟ ಕೊಟ್ಟಾಗ. ಕಾಟ ಅನುಭವಿಸಿದವರು ಬರೆದ ದೂರುಗಳನ್ನು ಓದಿ ವಿಂಗಡಿಸುವುದು ನನ್ನ ಕೆಲಸವಾಗಿತ್ತು.

ವಾರೆನ್ ಬೆಟ್ಟಸಾಲಿನ ಆಚೆಯ ಯಾಕಿಮಾದವನು. ಅವನ ಅಪ್ಪ ಮನೆ ಮನೆ ಬಾಗಿಲು ತಟ್ಟಿ ಕಸ ಹೀರುವ ಯಂತ್ರ ಮಾರುತ್ತಿದ್ದರಂತೆ. ಹೊಸಬರು ಯಾರೇ ಕೆಲಸಕ್ಕೆ ಸೇರಿದರೂ ವಾರೆನ್ ಅಪ್ಪನ ಕತೆ ಹೇಳುತ್ತಿದ್ದ: ಬಾಗಿಲು ಮುಚ್ಚುವ ಮೊದಲು ಅಪ್ಪ ಹೇಗೆ ಬೂಟುಗಾಲು ಒಳಗಿಡುತ್ತಿದ್ದರು, ಒಲ್ಲೆನೆಂದ ಗೃಹಿಣಿಯರು ಹೇಗೆ ಕೊನೆಗೆ ಸಹಿ ಹಾಕುತ್ತಿದ್ದರು ಎಂದು. ಇದನ್ನು ಪುರಾಣ ಹೇಳುವವರ ಭಕ್ತಿಯಲ್ಲಿ ಹೇಳುತ್ತಿದ್ದ. ತಾನು ಮಾತ್ರ ಒಂದು ಬಾಗಿಲನ್ನೂ ತಟ್ಟಿದವನಲ್ಲ. ಕಾಲೇಜು ಮುಗಿಸಿ, ಪತ್ರಿಕೆಯ ಚಂದಾ ನಿಲ್ಲಿಸಿದವರಿಗೆ ಮತ್ತೆ ಮತ್ತೆ ಫೋನು ಹಚ್ಚಿಸುವ ಒಂದು ಕಂಪನಿಯಲ್ಲಿ ಮೇಲ್ವಿಚಾರಕನಾಗಿದ್ದ. ಅಲ್ಲಿಂದ ನಮ್ಮಲ್ಲಿಗೆ ಬಂದ. ಅವನಿಗೆ ತಂತ್ರಾಂಶ ಬರೆಯಲು ಬರುತ್ತಿರಲಿಲ್ಲ, ಚಿತ್ರ ಬರೆಯಲು ಬರುತ್ತಿರಲಿಲ್ಲ, ನೆಟ್ಟಗೆ ಒಂದು ವಾಕ್ಯ ಬರೆಯಲೂ ಬರುತ್ತಿರಲಿಲ್ಲ. ಹಾಗಾಗಿ ಇದೆಲ್ಲ ಬರುವವರ ಮೇಲೆ ಅವನನ್ನು ಕೂರಿಸಿದರು.

ನಾನು ತಲೆ ತಗ್ಗಿಸಿ ಏನಾದರೂ ಓದುತ್ತಿದ್ದರೆ ಹಿಂದಿನಿಂದ ಅವನ ದನಿ ಬರುತ್ತಿತ್ತು, “ಒಂದೇ ನಿಮಿಷ, ಜೊನೆಲ್.” ಮಾತು ಶುರು ಮಾಡಿದ ಮೇಲೆ ಬಾಗಿಲಿನ ಚೌಕಟ್ಟಿಗೆ ಬೆರಳಿನಿಂದ ಟಕಟಕ ಎನ್ನಿಸುತ್ತಿದ್ದ, ಅನುಮತಿ ಕೇಳಿದ ಶಾಸ್ತ್ರಕ್ಕೆ. ಈಗ ಆಗುವುದಿಲ್ಲ ಎಂದರೆ ಬೇಸರಪಡುತ್ತಿರಲಿಲ್ಲ. ಹೋಗಿ ಒಂದು ಕಪ್ ಕಾಫಿ ಹಾಕಿಸಿಕೊಂಡು ಅದೇ ನಗೆಯಲ್ಲಿ ವಾಪಸು ಬರುತ್ತಿದ್ದ. ಅವನನ್ನು ಬೈದರೆ ಬೈದವರದೇ ತಪ್ಪು ಎನಿಸುವಂಥ ನಗೆ ಅದು.

ಆ ಬಟನ್ ಇದ್ದ ಚೌಕದ ವಿಷಯಕ್ಕೆ ಬರುತ್ತೇನೆ. ನಮ್ಮ ತಂತ್ರಾಂಶದಲ್ಲಿ ತೂತುಗಳಿದ್ದವು. ಅವನ್ನು ಮುಚ್ಚಲು ಆಗಾಗ ಅಪ್‌ಡೇಟ್ ಕಳಿಸುತ್ತಿದ್ದೆವು. ಅದು ಒಳಗೆ ಕೂರಬೇಕಾದರೆ ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಶುರು ಮಾಡಬೇಕು. ಕೂರದಿದ್ದರೆ ಆ ತೂತಿನಲ್ಲಿ ಕಳ್ಳರು ನುಗ್ಗುತ್ತಾರೆ; ಇದು ಸುಳ್ಳಲ್ಲ. ಆದರೆ ಜನಕ್ಕೆ ಬೇರೆ ಕೆಲಸಗಳಿದ್ದವು. ಅವರನ್ನು ಕೇಳುವುದಕ್ಕೆಂದು ಪರದೆಯ ಮೂಲೆಯಲ್ಲಿ ಒಂದು ಸಣ್ಣ ಬೂದುಬಣ್ಣದ ಚೌಕ ಎದ್ದು ಬರುತ್ತಿತ್ತು. ಅದರಲ್ಲಿ ಮೂರು ಬಟನ್‌ಗಳಿದ್ದವು: ಈಗ, ಆಮೇಲೆ, ಬೇಡ.

ಅದನ್ನು ರೂಪಿಸಿದವನು ಫೆರಿಸ್ ಓಡಾ. ಅವನ ಅಜ್ಜ ಬೆಲ್‌ವ್ಯೂದಲ್ಲಿ ಸ್ಟ್ರಾಬೆರಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ಬಟ್ಟೆ ಅಂಗಡಿಗಳಿವೆ. ಫೆರಿಸ್ ಹೆಚ್ಚು ಮಾತಿನವನಲ್ಲ. ಒಂದು ಬಟನ್ನಿನ ಅಂಚು ಎಷ್ಟು ದುಂಡಗಿರಬೇಕೆಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ಜಾತಿ. ಚೌಕ ಕೆಲಸ ಮಾಡುವವರ ಕೈಗೆ ಅಡ್ಡ ಬರಬಾರದು ಎಂದು ಅವನು ಅದನ್ನು ಮೂಲೆಯಲ್ಲಿಟ್ಟಿದ್ದ. ಕದ ತಟ್ಟಿ ಮೆಟ್ಟಿಲ ಕೆಳಗೆ ನಿಂತು ಕಾಯುವ ನೆರೆಯವರ ಹಾಗೆ ಅದು ಇರಬೇಕು ಎನ್ನುತ್ತಿದ್ದ.

ವಾರೆನ್ ಬಂದು ಮೊದಲ ಮೀಟಿಂಗಿನಲ್ಲೇ ‘ಬೇಡ’ವನ್ನು ತೆಗೆಯಬೇಕು ಎಂದ. ಅಂಕಿಅಂಶ ತೋರಿಸಿದ. ಜನ ಬೇಡ ಒತ್ತುತ್ತಾರೆ, ಒತ್ತಿ ಮರೆಯುತ್ತಾರೆ, ಅವರಿಗೆ ತಮ್ಮ ಒಳ್ಳೆಯದು ಯಾವುದೆಂದು ಗೊತ್ತಿಲ್ಲ ಎಂದು ಬಹಳ ಕನಿಕರದಿಂದ ವಿವರಿಸಿದ.

“ಬೇಡ ಅನ್ನೋದು ಒಂದು ಉತ್ತರ ತಾನೆ?” ಎಂದ ಫೆರಿಸ್.

“ಉತ್ತರ ಅಲ್ಲ ಫೆರಿಸ್, ಅದೊಂದು ಮನಸ್ಥಿತಿ. ನಮ್ಮಪ್ಪನಿಗೆ ಬೇಡ ಅಂದವರೇ ಕೊನೆಗೆ ಎರಡೆರಡು ತಗೊಂಡಿದಾರೆ.”

“ಪಾಪ, ಬಾಗಿಲು ಹಾಕ್ಕೊಂಡ್ರೆ ಸಾಕು ಅಂತ ತಗೊಂಡಿರ್ತಾರೆ.”

ಎಲ್ಲರೂ ನಕ್ಕರು. ವಾರೆನ್ ಕೂಡ ನಕ್ಕ. ನಕ್ಕವರಿಗೆ ಗೊತ್ತಾಗದೇ ಹೋದದ್ದು ಏನೆಂದರೆ, ನಗು ಮುಗಿಯುವ ಹೊತ್ತಿಗೆ ಅವನು ಕಾಗದದ ಮೇಲೆ ಮೂರನೇ ಬಟನ್ನಿಗೆ ಗೀಟು ಎಳೆದಾಗಿತ್ತು. ಒಂದು ತಿಂಗಳಾದ ಮೇಲೆ ಹೊಸ ಚೌಕ ಹೊರಟಿತು: ಈಗ, ಆಮೇಲೆ.

ಅಲ್ಲಿಗೆ ನಿಲ್ಲಲಿಲ್ಲ. ಮೂಲೆಯಲ್ಲಿ ಚೌಕವನ್ನು ಮುಚ್ಚುವ ಸಣ್ಣ ‘X’ ಗುರುತು ಇತ್ತು. ಅದನ್ನು ‘ತಪ್ಪು ದಾರಿ’ ಎಂದು ಕರೆದು ತೆಗೆಸಿದ. ‘ಆಮೇಲೆ’ ಎಂದರೆ ಮೊದಲು ನಾಳೆ ಎಂದಿತ್ತು. ಅದನ್ನು ಒಂದು ತಾಸಿಗೆ ಇಳಿಸಿದ, ಆಮೇಲೆ ಕಾಲು ತಾಸಿಗೆ. ಮೂಲೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ ಎಂದು ಚೌಕವನ್ನು ಪರದೆಯ ನಟ್ಟನಡುವೆ ತಂದು ಕೂರಿಸಿದ; ನೀವು ಪತ್ರ ಬರೆಯುತ್ತಿರಿ, ಮೊಮ್ಮಗನ ಮುಖ ನೋಡುತ್ತಿರಿ, ಅದರ ಮೇಲೆಯೇ. ಯಾರೂ ಏನೂ ಒತ್ತದೆ ಎದ್ದು ಹೋಗಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿದು ಯಂತ್ರ ತಾನೇ ಆರಿ ಶುರುವಾಗಬೇಕು ಎಂಬುದು ಅವನ ಕೊನೆಯ ಸುಧಾರಣೆ. ಹಾಗೆ ಶುರುವಾಗುವಾಗ ನೀಲಿ ಪರದೆಯ ಮೇಲೆ ‘ಎಲ್ಲವನ್ನೂ ನಿಮಗಾಗಿ ಸಿದ್ಧಪಡಿಸುತ್ತಿದ್ದೇವೆ’ ಎಂಬ ಮಾತು ಬರುತ್ತಿತ್ತು. ಆ ವಾಕ್ಯ ವಾರೆನ್ನನದೇ. ಜೀವಮಾನದಲ್ಲಿ ಅವನು ಸ್ವಂತವಾಗಿ ಬರೆದದ್ದು ಇದೊಂದೇ ಇರಬೇಕು, ಅದರಲ್ಲೂ ಒಂದು ಸುಳ್ಳಿತ್ತು.

ಪ್ರತಿ ಸಲವೂ ಅಪ್‌ಡೇಟ್ ಹಾಕಿಕೊಂಡವರ ಅಂಕಿ ಮೇಲೇರಿತು. ಒತ್ತಾಯದಿಂದ ಮೇಲೇರುವ ಅಂಕಿಗೆ ನಮ್ಮಲ್ಲಿ ಯಶಸ್ಸು ಎನ್ನುತ್ತಿದ್ದರು. ವರ್ಷದ ಕೊನೆಗೆ ವಾರೆನ್ನನಿಗೆ ಗಾಜಿನ ಸ್ಮರಣಿಕೆ ಕೊಟ್ಟರು. ಕೇಕು ತರಿಸಿದರು, ಕೇಕಿನ ಮೇಲೆ ಬೂದುಬಣ್ಣದ ಸಕ್ಕರೆಯಲ್ಲಿ ಅದೇ ಚೌಕ, ಅದರೊಳಗೆ ಎರಡು ಬಟನ್. ವಾರೆನ್ ‘ಈಗ’ ಇರುವ ತುಂಡನ್ನು ತಾನು ತೆಗೆದುಕೊಂಡು, ಫೆರಿಸ್‌ಗೆ ‘ಆಮೇಲೆ’ ಕೊಟ್ಟ. ಫೆರಿಸ್ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದ. ವಾರವೆಲ್ಲ ಅದು ಅಲ್ಲೇ ಒಣಗುತ್ತಿತ್ತು.

ದೂರುಗಳು ನನ್ನ ಮೇಜಿಗೆ ಬರುತ್ತಿದ್ದವು. ಅಕಾರ್ಡಿಯನ್ ಕಲಿಸುವ ಒಬ್ಬ ಮುದುಕ, ಪರೀಕ್ಷೆಯ ಮಧ್ಯೆ ಸಿಕ್ಕಿಹಾಕಿಕೊಂಡ ನರ್ಸಿಂಗ್ ವಿದ್ಯಾರ್ಥಿನಿ, ಮೀನುಗಾರಿಕೆಯ ದೋಣಿಯಲ್ಲಿ ನಕ್ಷೆ ನೋಡುತ್ತಿದ್ದಾಗ ನೀಲಿ ಪರದೆ ಕಂಡು ಗಾಬರಿಬಿದ್ದ ಅಲಾಸ್ಕಾದವನೊಬ್ಬ. ಅವನು ಬಳಸಿದ್ದ ಬೈಗುಳಗಳಲ್ಲಿ ಕೆಲವು ನನಗೆ ಹೊಸವು. ನಾನು ಕಂತೆ ಕಟ್ಟಿ ವಾರೆನ್ನನಿಗೆ ಕೊಟ್ಟರೆ ಅವನು ತಿರುವಿ ಹಾಕಿ, ಜನ ಇಷ್ಟು ಬರೆಯುತ್ತಿದ್ದಾರೆ ಎಂದರೆ ಚೌಕವನ್ನು ಗಮನಿಸುತ್ತಿದ್ದಾರೆ ಎಂದರ್ಥ ಎನ್ನುತ್ತಿದ್ದ.

ನವೆಂಬರ್‌ನ ಒಂದು ಬೆಳಗ್ಗೆ ಕೆಳಗಿನ ಸ್ವಾಗತದ ಮೇಜಿನಿಂದ ಫೋನು ಬಂತು. ಎಲೆನ್ಸ್‌ಬರ್ಗ್‌ನಿಂದ ಒಬ್ಬಾಕೆ ಬಂದಿದ್ದಾರೆ, ಚೌಕ ಮಾಡಿದವರನ್ನು ನೋಡಬೇಕಂತೆ. ವಾರೆನ್ನನ ಮುಖ ಅರಳಿತು. ಅಭಿಮಾನಿ ಎಂದುಕೊಂಡ. ನನ್ನನ್ನೂ ಕರೆದುಕೊಂಡು, ಕನ್ನಡಿಯ ಮುಂದೆ ಕೂದಲು ಸವರಿಕೊಂಡು ಕೆಳಗಿಳಿದ.

ಬಂದಿದ್ದವಳು ಬರ್ನಡೀನ್ ಡೂಲಿ. ಕುಳ್ಳಗೆ, ಗಟ್ಟಿಮುಟ್ಟಾದ ಹೆಂಗಸು. ಚರ್ಚಿಗೆ ಹಾಕುವ ಕೋಟು ಹಾಕಿಕೊಂಡಿದ್ದಳು. ಪಕ್ಕದ ಕುರ್ಚಿಯಲ್ಲಿ ಗಂಡ ಎಮೆಟ್ ಕುಳಿತಿದ್ದ. ಉದ್ದನೆಯ ಮನುಷ್ಯ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದ, ತೊಡೆಯ ಮೇಲೆ ಒಂದು ಪುಟ್ಟ ಹಲಗೆ ಮತ್ತು ಪೆನ್ನು.

“ಆ ಚೌಕ ಮಾಡಿದ್ದು ನೀವೇನಾ?” ಎಂದಳು.

“ನಮ್ಮ ತಂಡ,” ಎಂದ ವಾರೆನ್, ಎದೆಯ ಮೇಲೆ ಕೈಯಿಟ್ಟು.

ಅವಳು ನಿಂತುಕೊಂಡೇ ಹೇಳಿದಳು. ಎಮೆಟ್ ಕಿಟಿಟಾಸ್ ಕಣಿವೆಯ ಕಾಲುವೆಯಲ್ಲಿ ನೀರುಗಂಟಿ. ಯಾರ ಹೊಲಕ್ಕೆ ಯಾವಾಗ ತೂಬು ತೆಗೆಯಬೇಕು, ಯಾರದ್ದು ಮುಚ್ಚಬೇಕು ಎಂದು ಪಿಕಪ್ ಗಾಡಿಯಲ್ಲಿ ಸುತ್ತುತ್ತ ವಯಸ್ಸು ಕಳೆದವನು. ಗಂಟಲಲ್ಲಿ ಕ್ಯಾನ್ಸರ್ ಗಡ್ಡೆಯಾಗಿ, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು ಡಾಕ್ಟರು. ಮಗಳು ಬಸುರಿ. ಹುಟ್ಟುವ ಮಗುವಿಗೆ ತಾತನ ದನಿ ಗೊತ್ತಿರಲಿ ಎಂದು, ಆಪರೇಷನ್ನಿನ ಹಿಂದಿನ ದಿನ, ಭಾನುವಾರ, ಎಮೆಟ್ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ತನ್ನ ಕತೆ ಹೇಳಲು ಕೂತ. ಊಟದ ಹೊತ್ತಿನಿಂದ ಕತ್ತಲಾಗುವ ತನಕ ಹೇಳಿದ. ನಡುನಡುವೆ ಚೌಕ ಬರುತ್ತಿತ್ತು, ಆಮೇಲೆ ಎಂದು ಒತ್ತುತ್ತಿದ್ದರು. ಕೊನೆಯಲ್ಲಿ ಗಂಟಲು ಒಣಗಿತೆಂದು ರೆಕಾರ್ಡಿಂಗನ್ನು ಹಾಗೇ ತಡೆದಿಟ್ಟು ಇಬ್ಬರೂ ಹೊರಗಿನ ಜಗಲಿಗೆ ಹೋಗಿ ಚಹಾ ಕುಡಿದರು. ವಾಪಸು ಬಂದರೆ ನೀಲಿ ಪರದೆ. ಎಲ್ಲವನ್ನೂ ನಿಮಗಾಗಿ ಸಿದ್ಧಪಡಿಸುತ್ತಿದ್ದೇವೆ. ಸಿದ್ಧವಾದ ಮೇಲೆ ನೋಡಿದರೆ ಎಮೆಟ್ ಹೇಳಿದ್ದು ಯಾವುದೂ ಇರಲಿಲ್ಲ. ಅಷ್ಟು ಹೊತ್ತಿಗೆ ಅವನಿಗೆ ಪಿಸುಗುಡುವಷ್ಟೂ ಶಕ್ತಿ ಉಳಿದಿರಲಿಲ್ಲ. ಬೆಳಗಾದರೆ ಆಸ್ಪತ್ರೆ.

ಸ್ವಾಗತದ ಮೇಜಿನ ಹುಡುಗಿ ಕೀಲಿಮಣೆಯ ಮೇಲೆ ಕೈ ನಿಲ್ಲಿಸಿ ಕೇಳುತ್ತಿದ್ದಳು. ವಾರೆನ್ ಗಂಭೀರವಾಗಿ ತಲೆಯಾಡಿಸಿದ.

“ಮೇಡಂ, ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಕೆಲಸದ ಹೊತ್ತು ಯಾವುದು ಅಂತ ಹಾಕಿದ್ರಾ? ಅದನ್ನ ಹಾಕಿಟ್ಟಿದ್ರೆ ಆ ಹೊತ್ತಲ್ಲಿ ನಾವು ತೊಂದ್ರೆ ಕೊಡಲ್ಲ.”

“ಭಾನುವಾರ ನನ್ನ ಗಂಡ ಮಾತಾಡ್ತಾನೆ ಅಂತ ನಿಮಗೆ ಮೊದಲೇ ತಿಳಿಸಿರಬೇಕಿತ್ತಾ?”

“ಹಾಗಲ್ಲ ಮೇಡಂ, ಆಯ್ಕೆ ಇದೆ ಅಂತ ಹೇಳ್ತಿದೀನಿ.”

“ನೋಡಪ್ಪಾ,” ಎಂದಳು ಬರ್ನಡೀನ್. “ನಾನು ಪರಿಹಾರ ಕೇಳೋಕೆ ಬಂದಿಲ್ಲ, ಜಗಳಕ್ಕೂ ಬಂದಿಲ್ಲ. ನಿನ್ನೆ ಇವರಿಗೆ ಸಿಯಾಟಲ್ ಆಸ್ಪತ್ರೇಲಿ ತೋರಿಸೋದಿತ್ತು, ವಾಪಸು ಹೋಗೋ ದಾರೀಲಿ ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ. ಬೇಡ ಅನ್ನೋಕೆ ನಾನು ಎಲ್ಲಿ ಒತ್ತಬೇಕಿತ್ತು?”

“ಆಮೇಲೆ ಅನ್ನೋ ಬಟನ್ ಇತ್ತಲ್ಲ.”

“ಅದನ್ನ ಒತ್ತೀ ಒತ್ತೀ ಬೆರಳು ಸವೀತು. ನಾನು ಕೇಳಿದ್ದು ಬೇಡ ಅನ್ನೋದು.”

ಒಂದು ಕ್ಷಣ ವಾರೆನ್ನನ ಮುಖದಲ್ಲಿ ಏನೋ ಹಾದುಹೋದಂತಾಯಿತು, ನಾಚಿಕೆ ಎಂದುಕೊಂಡೆ. ಅಲ್ಲ, ಅವನಿಗೆ ಒಂದು ಉಪಾಯ ಹೊಳೆದಿತ್ತು. ಸ್ವಾಗತದ ಮೇಜಿನ ಹಿಂದಕ್ಕೆ ಹೋಗಿ, ಅತಿಥಿಗಳಿಗೆ ಕೊಡುವ ಕಾಗದದ ಚೀಲವೊಂದನ್ನು ತಂದ. ಕಂಪನಿಯ ಹೆಸರಿದ್ದ ಟೋಪಿ, ಕಂಪನಿಯ ಹೆಸರಿದ್ದ ಕಾಫಿ ಕಪ್. ಅವಳು ಕೈ ಚಾಚದ್ದರಿಂದ ಅದನ್ನು ಎಮೆಟ್‌ನ ಕಡೆ ಹಿಡಿದು, ಹೇಗಿದೆ ಈಗ ಆರೋಗ್ಯ ಎಂದು ಸ್ವಲ್ಪ ಜೋರಾಗಿ ಕೇಳಿದ, ಮಾತು ಹೋದವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂಬಂತೆ.

ಎಮೆಟ್ ಅವನನ್ನು ನೋಡಲೂ ಇಲ್ಲ. ಹಲಗೆಯ ಮೇಲೆ ಬರೆದು ಹೆಂಡತಿಗೆ ತೋರಿಸಿದ: ‘ನಡಿ ಹೋಗೋಣ. ಹಿಮ ಶುರುವಾಗೋದರೊಳಗೆ ಘಾಟಿ ದಾಟಬೇಕು.’ ಅವಳು ಅವನ ಕೋಟಿನ ಮೇಲಿನ ಗುಂಡಿ ಹಾಕಿದಳು. ಇಬ್ಬರೂ ಹೊರಟರು. ಚೀಲ ಕುರ್ಚಿಯ ಮೇಲೆಯೇ ಉಳಿಯಿತು.

ಮೆಟ್ಟಿಲು ಹತ್ತುವಾಗ ವಾರೆನ್, ಹಳ್ಳಿಯ ಕಡೆಯವರಿಗೆ ಸೆಟ್ಟಿಂಗ್ಸ್ ಬಗ್ಗೆ ಒಂದು ಕಿರುಚಿತ್ರ ಮಾಡಬೇಕು ಎಂದ. ನಾನು ಅವನ ಜೊತೆ ಇನ್ನೂ ಎರಡು ಮಹಡಿ ಹತ್ತಬೇಕಾಗಿತ್ತು. ಲಿಫ್ಟ್ ಹಿಡಿದೆ.

ನಾನು ಫೆರಿಸ್‌ಗೆ ಹೇಳಿದೆ. ಮಧ್ಯಾಹ್ನ ಅವನೇ ಬಂದು ಡೂಲಿ ಅವರ ಫೋನ್ ನಂಬರು ಇದೆಯೇ ಎಂದ. ಶನಿವಾರ ನಾವಿಬ್ಬರೂ ಅವನ ಹಳೆಯ ಕಾರಿನಲ್ಲಿ ಸ್ನೊಕ್ವಾಲ್ಮಿ ಘಾಟಿ ಹತ್ತಿ ಇಳಿದು ಎಲೆನ್ಸ್‌ಬರ್ಗ್‌ಗೆ ಹೋದೆವು. ಮನೆ ಊರಾಚೆ, ಹುಲ್ಲಿನ ಹೊಲಗಳ ನಡುವೆ. ಗಾಳಿಗೆ ಇಡೀ ಮನೆ ಸಣ್ಣಗೆ ನರಳುತ್ತಿತ್ತು. ಬರ್ನಡೀನ್ ನಮ್ಮನ್ನು ಅನುಮಾನದಿಂದಲೇ ಒಳಗೆ ಬಿಟ್ಟಳು. ಫೆರಿಸ್ ಮೊದಲ ಮಾತಿನಲ್ಲೇ ಹೇಳಿಬಿಟ್ಟ, “ಆ ಚೌಕ ಮೊದಲು ರೂಪಿಸಿದ್ದು ನಾನು. ಆಗ ಅದರಲ್ಲಿ ನೀವು ಕೇಳಿದ ಬಟನ್ ಇತ್ತು. ಕಳಕೊಂಡಿದ್ದು ಸಿಗುತ್ತೆ ಅಂತ ಮಾತು ಕೊಡಲ್ಲ, ಹುಡುಕ್ತೀನಿ.”

ಅವನು ಅಡುಗೆಮನೆಯ ಮೇಜಿಗೆ ಕೂತು ಆ ಯಂತ್ರದ ಒಳಗನ್ನು ಜಾಲಾಡಿದ. ಬರ್ನಡೀನ್ ನಮಗೆ ಸೇಬಿನ ಪೈ ಕೊಟ್ಟಳು, ಕಾಫಿ ಕೊಟ್ಟಳು, ಆಮೇಲೆ ಮತ್ತೆ ಪೈ ಕೊಟ್ಟಳು. ಎಮೆಟ್ ಫೆರಿಸ್‌ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ತೂಬಿನ ಬಳಿ ನೀರು ಬರುವುದನ್ನು ಕಾಯುವವನ ಹಾಗೆ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ಸಂಜೆಯ ಬೆಳಕು ಮೇಜಿನ ಮೇಲೆ ಬೀಳುವ ಹೊತ್ತಿಗೆ ಫೆರಿಸ್ ಒಂದು ಚೂರು ಸಿಕ್ಕಿತು ಎಂದ. ಉಳಿದದ್ದರ ಮೇಲೆ ಅಪ್‌ಡೇಟ್ ಬಂದು ಕೂತಿತ್ತು. ಆರಂಭದ ಕೆಲವು ಕ್ಷಣ ಮಾತ್ರ ಯಾವುದೋ ಮೂಲೆಯಲ್ಲಿ ತಪ್ಪಿಸಿಕೊಂಡು ಬಿದ್ದಿದ್ದವು.

ಕೇಳಿಸಿದ. ಮೊದಲು ಕುರ್ಚಿ ಎಳೆದ ಸದ್ದು. ಕೆಮ್ಮು. ಆಮೇಲೆ ಗೊಗ್ಗರು ದನಿ:

“ಓಡ್ತಾ ಇದೆಯಾ ಇದು? ಬರ್ನಿ, ಇಲ್ಲೇನೋ ಅಡ್ಡ ಬಂತು ಕಣೆ.”

ದೂರದಿಂದ, ಪಾತ್ರೆಗಳ ಸದ್ದಿನ ನಡುವೆ ಅವಳ ದನಿ, “ಏನಂತೆ ಅದಕ್ಕೆ?”

“ಮತ್ತೆ ಶುರು ಮಾಡ್ಬೇಕಂತೆ.”

“ಆಮೇಲೆ ಅಂತ ಒತ್ತು.”

“ಸರಿ. ಹೂಂ. ನಾನು ಹುಟ್ಟಿದ ವರ್ಷ ಕಾಲುವೇಲಿ ನೀರು—”

ಅಷ್ಟೇ. ಬರ್ನಡೀನ್ ಸಿಂಕಿನ ಕಡೆ ಮುಖ ಮಾಡಿ ನಿಂತಿದ್ದಳು. ಎಮೆಟ್ ಹಲಗೆ ಎತ್ತಿಕೊಂಡು ಬರೆದು ಅವಳ ಬೆನ್ನಿಗೆ ತಟ್ಟಿ ತೋರಿಸಿದ: ‘ನನ್ನ ದನಿ ಇಷ್ಟು ಕೆಟ್ಟದಾಗಿತ್ತಾ?’

“ಇದಕ್ಕಿಂತ ಕೆಟ್ಟದಾಗಿತ್ತು,” ಎಂದಳು ಅವಳು, ತಿರುಗದೆ.

ಎಮೆಟ್‌ನ ಭುಜಗಳು ಕುಣಿದವು. ಅವನು ನಗುವುದು ಈಗ ಹಾಗೆ.

ಆ ಚೂರನ್ನು ಆಫೀಸಿನಲ್ಲಿ ಒಮ್ಮೆ ಕೇಳಿಸಬಹುದೇ ಎಂದು ಫೆರಿಸ್ ಕೇಳಿದ. ಎಮೆಟ್ ಹೆಂಡತಿಯ ಕಡೆ ನೋಡಿದ. “ಕೇಳಿಸಿ,” ಎಂದಳು ಬರ್ನಡೀನ್. “ಕಿವಿ ಇದ್ರೆ ಕೇಳಿಸ್ಕೊಳ್ಳಲಿ.”

ಸೋಮವಾರ ಮೀಟಿಂಗ್ ಇತ್ತು. ಫೆರಿಸ್ ಮೇಜಿನ ನಡುವಿನ ಸ್ಪೀಕರಿಗೆ ಆ ಚೂರನ್ನು ಹಚ್ಚಿದ. ಯಾರದು, ಯಾವಾಗಿನದು ಎಂದು ಎರಡೇ ಮಾತಿನಲ್ಲಿ ಹೇಳಿ ಕೇಳಿಸಿದ. ತಂತ್ರಾಂಶ ಬರೆಯುವ ಒಬ್ಬ ಯುವಕ ಕೈಯಿಂದ ಬಾಯಿ ಮುಚ್ಚಿಕೊಂಡ. ಇನ್ನೊಬ್ಬಳು ಮೇಜನ್ನೇ ನೋಡುತ್ತ ಕೂತಳು. ವಾರೆನ್ ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಪೂರ್ತಿ ಗಮನವಿಟ್ಟು ಕೇಳಿದ. ಮುಗಿದ ಮೇಲೆ, ಇನ್ನೊಮ್ಮೆ ಎಂದ. ಇನ್ನೊಮ್ಮೆ ಕೇಳಿಸಿದರು.

“ಗಮನಿಸಿದ್ರಾ?” ಎಂದ ವಾರೆನ್. “ಆಕೆ ಪರದೆ ನೋಡ್ತಾನೂ ಇಲ್ಲ. ಬೇರೆ ಕೆಲಸ ಮಾಡ್ತಾ ‘ಆಮೇಲೆ ಅಂತ ಒತ್ತು’ ಅಂತಾರೆ. ಅಂದ್ರೆ ಬಟನ್ ಅವರ ಬಾಯಿಪಾಠ ಆಗಿದೆ. ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಇದು ನನ್ನ ಮುಂದಿನ ವರದಿಗೆ ಬೇಕು, ಫೆರಿಸ್.”

ಫೆರಿಸ್ ಅವನ ಕಡೆ ತಿರುಗಿದ. “ನಿನಗೆ ಇದರಲ್ಲಿ ಕೇಳಿಸಿದ್ದು ಇಷ್ಟೇನಾ, ವಾರೆನ್?”

“ಯಾಕೆ, ಇನ್ನೇನಿದೆ?”

ಕುಹಕವಿಲ್ಲದೆ ಕೇಳಿದ. ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ ಕೇಳಿದ. ಅಲ್ಲಿಯ ತನಕ ನಾನು ಅವನನ್ನು ಕಲ್ಲೆದೆಯವನು ಎಂದುಕೊಂಡಿದ್ದೆ. ಕಲ್ಲೆದೆಯವನಿಗೂ ಏನು ಮಾಡುತ್ತಿದ್ದೇನೆಂಬ ಅರಿವಿರುತ್ತದೆ. ಇವನಲ್ಲಿ ಅದೂ ಇರಲಿಲ್ಲ. ಒಬ್ಬ ಮನುಷ್ಯನ ದನಿಯಲ್ಲಿ ಉಳಿದಿದ್ದ ಅಷ್ಟೂ ಮಾತುಗಳು ಮೇಜಿನ ಮೇಲೆ ಎರಡು ಸಲ ಹಾದುಹೋಗಿದ್ದವು, ವಾರೆನ್ನನಿಗೆ ಅವುಗಳಲ್ಲಿ ಒಂದು ಬಟನ್ನಿನ ಹೆಸರು ಮಾತ್ರ ಕೇಳಿಸಿತ್ತು.

ಫೆರಿಸ್ ಸ್ಪೀಕರಿನ ತಂತಿ ಕಿತ್ತು, ಸುತ್ತಿ, ಜೇಬಿಗಿಟ್ಟುಕೊಂಡ. ಅವನು ಅದೇ ವಾರ ರಾಜೀನಾಮೆ ಕೊಟ್ಟ. ವಾರೆನ್ ಬೀಳ್ಕೊಡುಗೆಗೆ ಕೇಕು ತರಿಸಿದ. ಫೆರಿಸ್ ಬರಲಿಲ್ಲ, ನಾವು ತಿಂದೆವು.

ಚೌಕ ಹಾಗೆಯೇ ಇತ್ತು. ಅದನ್ನು ಬದಲಿಸಿದ್ದು ಡೂಲಿ ದಂಪತಿಯ ಸಂಕಟವಲ್ಲ, ನನ್ನ ಕಂತೆಗಳೂ ಅಲ್ಲ. ಒಂದೂವರೆ ವರ್ಷವಾದ ಮೇಲೆ ದೇಶದ ನಡುಭಾಗದ ಒಂದು ಸಣ್ಣ ಟೀವಿ ಸ್ಟೇಷನ್ನಿನಲ್ಲಿ ಹವಾಮಾನ ಹೇಳುವವನೊಬ್ಬ ಸುಂಟರಗಾಳಿ ಎಲ್ಲಿಗೆ ಬರುತ್ತದೆಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸುತ್ತಿದ್ದಾಗ, ಆ ಊರಿನ ಮೇಲೆಯೇ ನಮ್ಮ ಚೌಕ ಎದ್ದು ಬಂತು. ಈಗ, ಆಮೇಲೆ. ಅವನು ನೇರ ಪ್ರಸಾರದಲ್ಲಿ ಒಂದು ನಿಟ್ಟುಸಿರು ಬಿಟ್ಟು, “ಗಾಳಿಗೂ ಇದನ್ನೇ ಕೇಳಿ ನೋಡೋಣ,” ಎಂದ. ಪುಣ್ಯಕ್ಕೆ ಆ ಗಾಳಿ ಹೊಲದಲ್ಲೇ ಸುತ್ತಿ ಸತ್ತಿತು. ಆದರೆ ದೇಶಕ್ಕೆ ದೇಶವೇ ಆ ತುಣುಕನ್ನು ನೋಡಿ ನಕ್ಕಿತು. ಜನ ನೊಂದುಕೊಂಡಾಗ ಅಲುಗದ ನಮ್ಮ ನಿರ್ದೇಶಕರು ಜನ ನಕ್ಕಾಗ ಎದ್ದು ಕೂತರು. ಒಂದೇ ದಿನದಲ್ಲಿ ಅಪ್ಪಣೆಯಾಯಿತು: ಇನ್ನೊಂದು ಬಟನ್ ಹಾಕಿ.

ಹೊಸ ಬಟನ್ ತಯಾರಾಯಿತು. ಅದರ ಮೇಲಿದ್ದದ್ದು ‘ಬೇಡ’ ಅಲ್ಲ. ‘ಈ ವಾರ ಬೇಡ’. ಪೂರ್ತಿ ಬೇಡ ಎನ್ನುವ ಹಕ್ಕು ಕೊಡಲು ವಾರೆನ್ನನಿಗೆ ಕೊನೆಗೂ ಮನಸ್ಸು ಬರಲಿಲ್ಲ.

ಅದನ್ನು ಲೋಕಕ್ಕೆ ಪರಿಚಯಿಸುವ ಸಭೆ ಬೆಲ್‌ವ್ಯೂದ ಹೋಟೆಲೊಂದರಲ್ಲಿ ನಡೆಯಿತು. ವೇದಿಕೆಯ ಮೇಲೆ ಬಂದವನು ವಾರೆನ್. ಕೆನ್ನೆಗೆ ಅಂಟಿದ ಮೈಕು, ಬಿಳಿ ಬೂಟು, ಅದಕ್ಕೆಂದೇ ಅಭ್ಯಾಸ ಮಾಡಿದ ಮೆಲುನಡಿಗೆ. ಅವನ ಹಿಂದೆ ದೊಡ್ಡ ಅಕ್ಷರದಲ್ಲಿ ‘ನಾವು ಕೇಳಿಸಿಕೊಂಡೆವು’ ಎಂದಿತ್ತು. ಅವನು ಒಂದು ಕತೆ ಹೇಳುತ್ತೇನೆ ಎಂದ. ಘಾಟಿಯ ಆಚೆಗೆ ಒಂದು ಹೊಲದ ಮನೆ, ಒಬ್ಬ ನೀರುಗಂಟಿ, ಅವನ ಹೆಂಡತಿ. ಅವರ ಅಡುಗೆಮನೆಯ ಮೇಜಿಗೆ ಕೂತು ತಾನು ಸೇಬಿನ ಪೈ ತಿಂದದ್ದು (ಪೈ ವಿಷಯ ಆಫೀಸಿನಲ್ಲಿ ನಾನೇ ಹೇಳಿಕೊಂಡಿದ್ದೆ). ಆ ಮನುಷ್ಯನ ಕಳೆದುಹೋದ ದನಿಯನ್ನು ಹುಡುಕಿದ್ದು. ಆ ಸಂಜೆ ತಾನು ಕೇಳಿಸಿಕೊಳ್ಳುವುದು ಎಂದರೇನೆಂದು ಕಲಿತದ್ದು. ಇಲ್ಲಿ ಅವನು ಸ್ವಲ್ಪ ತಡೆದು, ಬೆರಳಿನಿಂದ ಕಣ್ಣಂಚು ಮುಟ್ಟಿಕೊಂಡ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿದ್ದ ಲೆಕ್ಕಪತ್ರ ವಿಭಾಗದ ಹೆಂಗಸು, ಈ ಮನುಷ್ಯ ಒಳಗೊಳಗೇ ಎಷ್ಟು ಮೃದು ನೋಡು ಎಂದಳು.

ಅವನು ಸುಳ್ಳು ಹೇಳುತ್ತಿದ್ದೇನೆಂದು ತಿಳಿದು ಹೇಳಿದ ಎಂದು ನಾನು ನಂಬುವುದಿಲ್ಲ. ಆ ಪೈ ತಾನೇ ತಿಂದೆ ಎಂದು ಅಷ್ಟು ಹೊತ್ತಿಗೆ ಅವನಿಗೆ ಖಾತ್ರಿಯಾಗಿರಬೇಕು. ತನಗೆ ಬೇಕಾದದ್ದನ್ನು ತನ್ನದೆಂದು ತಿಳಿಯುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು. ಸಂಜೆ ಅವನ ಮೇಜಿನ ಮೇಲೆ ಇನ್ನೊಂದು ಗಾಜಿನ ಸ್ಮರಣಿಕೆ ಇತ್ತು, ಹಳೆಯದಕ್ಕಿಂತ ಒಂದು ಗೇಣು ಎತ್ತರ.

ಮಾರನೆಯ ದಿನ ನಾನು ಬರ್ನಡೀನ್‌ಗೆ ಫೋನು ಮಾಡಿದೆ. ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೇಳುವುದು ಒಳ್ಳೆಯದು ಎನಿಸಿತ್ತು. ಎಲ್ಲ ಹೇಳಿದೆ. “ಯಾವ ವಾರೆನ್?” ಎಂದಳು ಅವಳು.

ಯಾರೆಂದು ನೆನಪಿಸಿದೆ.

“ಓ, ಅವನಾ. ನಮ್ಮನೇಲಿ ಪೈ ತಿಂದೆ ಅಂದ್ನಾ?”

“ಹೂಂ.”

“ತಿಂದೋರಿಗೆ ನಾನು ಪಾತ್ರೆ ತೊಳ್ಯೋಕೆ ಹೇಳ್ತೀನಿ. ಆ ಓಡಾ ತೊಳೆದ, ನೀನೂ ತೊಳೆದೆ. ಅವನು ತೊಳೆದಿದ್ದು ನನಗೆ ನೆನಪಿಲ್ಲ.”

ಆಮೇಲೆ ಅವಳು ಮಾತು ಬದಲಿಸಿದಳು. ಕಾಲುವೆಗೆ ಆ ವಾರ ನೀರು ಬಿಟ್ಟಿದ್ದರಂತೆ. ಎಮೆಟ್‌ನ ಜಾಗಕ್ಕೆ ಬಂದ ಹೊಸ ನೀರುಗಂಟಿಗೆ ಏನೂ ತಿಳಿಯುವುದಿಲ್ಲವಂತೆ, ದಿನಾ ಬಂದು ಹಲಗೆಯ ಮೇಲೆ ಬರೆಸಿಕೊಂಡು ಹೋಗುತ್ತಾನಂತೆ. ಮೊಮ್ಮಗಳಿಗೆ ಆ ಚೂರು ಕೇಳಿಸಿದರೆ ಕೆಮ್ಮು ಬಂದ ಕಡೆ ಕಿಲಕಿಲ ನಗುತ್ತಾಳಂತೆ, ಉಳಿದದ್ದು ಅವಳಿಗೆ ಬೇಕಿಲ್ಲ. ಹಿಂದೆ ಎಲ್ಲೋ ಮೇಜು ತಟ್ಟಿದ ಸದ್ದಾಯಿತು. ಕರೀತಿದಾರೆ, ಇಡ್ತೀನಿ ಎಂದು ಫೋನು ಇಟ್ಟಳು.

ನಾನು ಆ ಬೇಸಿಗೆಯಲ್ಲಿ ಕೆಲಸ ಬಿಟ್ಟು ಕೌಂಟಿಯ ಗ್ರಂಥಾಲಯದಲ್ಲಿ ಸೇರಿಕೊಂಡೆ. ವಾರೆನ್ ನನಗಿಂತ ಮೊದಲೇ ಹೋಗಿದ್ದ. ಫ್ರಿಜ್ಜು, ಒಲೆಗಳನ್ನು ಮಾಡುವ ಒಂದು ಕಂಪನಿ ಅವನನ್ನು ದುಪ್ಪಟ್ಟು ಸಂಬಳಕ್ಕೆ ಕರೆದುಕೊಂಡಿತು. ಅವೂ ಈಗ ಮನೆಯವರ ಜೊತೆ ಮಾತಾಡಬೇಕಂತೆ. ಸಮಾಮಿಶ್ ಸರೋವರದ ದಂಡೆಯಲ್ಲಿ ಮನೆ ಕೊಂಡಿದ್ದಾನೆ, ಒಂದು ದೋಣಿ ಕೊಂಡಿದ್ದಾನೆ. ದೋಣಿ ನಡೆಸಲು ಬರುವುದಿಲ್ಲವಾದ್ದರಿಂದ ಅದನ್ನು ಕಟ್ಟೆಗೆ ಕಟ್ಟಿಹಾಕಿ, ಭಾನುವಾರ ಅದರಲ್ಲಿ ಕೂತು ಪೇಪರ್ ಓದುತ್ತಾನೆಂದು ಅಲ್ಲಿ ಹೋಗಿಬಂದವರು ಹೇಳಿದರು. ವರ್ಷಕ್ಕೆರಡು ಸಲ ಕಾಲೇಜುಗಳಲ್ಲಿ ಭಾಷಣವನ್ನೂ ಮಾಡುತ್ತಾನೆ. ವಿಷಯ, ಜನರ ಮಾತಿಗೆ ಕಿವಿಗೊಡುವುದು. ಅವನು ಆರೋಗ್ಯವಾಗಿದ್ದಾನೆ, ತೂಕ ಇಳಿಸಿದ್ದಾನೆ. ಅವನಿಗೆ ಒಳ್ಳೆಯ ನಿದ್ದೆ ಬರುತ್ತದೆ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.